ಶ್ರೀಶೈಲ ಪಾದಯಾತ್ರೆ: ಹಳೆಯ ನೋವಿರುವವರ ಪೂರ್ವಸಿದ್ಧತೆ ಹೇಗಿರಬೇಕು?

ಯುಗಾದಿ ಸಮೀಪಿಸುತ್ತಿದ್ದಂತೆ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೊದಲಾದ ಜಿಲ್ಲೆಗಳ ರಸ್ತೆಗಳಲ್ಲಿ ಶ್ರೀಶೈಲದತ್ತ ಸಾಗುವ ಭಕ್ತರ ಸಾಲು ಕಾಣಿಸಿಕೊಳ್ಳುತ್ತದೆ. ಕಂಬಿ ಹೊತ್ತವರು, ಮರಗಾಲು ಕಟ್ಟಿಕೊಂಡವರು, ಭ್ರಮರಾಂಬೆಯನ್ನು ಮನೆಮಗಳೆಂದೇ ಭಾವಿಸಿ ಸೀರೆ ಒಯ್ಯುವವರು ಆ ಸಾಲಿನಲ್ಲಿರುತ್ತಾರೆ. ಮೊಣಕಾಲಿನ ಸವೆತ, ಸೊಂಟನೋವು, ಹಿಮ್ಮಡಿ ನೋವುಗಳನ್ನು ವರ್ಷಗಳಿಂದ ಸಹಿಸುತ್ತ ಬಂದವರೂ ಇರುತ್ತಾರೆ. ಇಂಥವರು ಹರಕೆ ಹೊರಲೇಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಆದರೆ ನಂಬಿಕೆಯ ಜತೆಗೆ ಲೆಕ್ಕಾಚಾರವೂ ಇರಬೇಕಾಗುತ್ತದೆ.

ದಾರಿಯ ಸ್ವರೂಪ

ಉತ್ತರ ಕರ್ನಾಟಕದ ಬಹುತೇಕ ಊರುಗಳಿಂದ ಶ್ರೀಶೈಲ ನೂರಾರು ಕಿಲೋಮೀಟರ್ ದೂರವಿದೆ. ಗುಂಪುಗಳು ದಿನಕ್ಕೆ 30ರಿಂದ 40 ಕಿ.ಮೀ. ನಡೆಯುವುದುಂಟು. ಕರ್ನೂಲು, ಆತ್ಮಕೂರು ದಾಟಿದ ಮೇಲೆ ವೆಂಕಟಾಪುರದಿಂದ ನಲ್ಲಮಲ ಅರಣ್ಯದ ಕಾಲುದಾರಿ ಆರಂಭವಾಗುತ್ತದೆ. ನಾಗಲೂಟಿ, ಪೆದ್ದಚೆರುವುಗಳ ಬಳಿಕ ಬರುವ ಭೀಮುನಿ ಕೊಲನು ಎಂಬ ಕಣಿವೆಯನ್ನು ಇಳಿದು, ಮತ್ತೆ ಕೈಲಾಸದ್ವಾರದವರೆಗೆ ಏರಬೇಕು. ಮೊಣಕಾಲು ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದೇ ಹೆಚ್ಚಿನ ಪರೀಕ್ಷೆ. ಇಡೀ ಯಾತ್ರೆಯ ಅತ್ಯಂತ ಕಠಿಣ ಭಾಗ, ದೇಹ ದಣಿದಿರುವ ಕೊನೆಯ ದಿನಗಳಲ್ಲಿಯೇ ಎದುರಾಗುತ್ತದೆ ಎಂಬುದನ್ನು ಮರೆಯಬಾರದು.

ಲೆಕ್ಕ ಹೀಗಿದೆ

ಮೊದಲು ವೈದ್ಯರನ್ನು ಕಂಡು ನೋವಿನ ಕಾರಣ, ರಕ್ತದೊತ್ತಡ, ಸಕ್ಕರೆ ಹಾಗೂ ಮೂತ್ರಪಿಂಡಗಳ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಕಾರ್ತೀಕ ಮಾಸ ಮುಗಿಯುತ್ತಿದ್ದಂತೆ ಅಭ್ಯಾಸ ಆರಂಭಿಸುವುದು ಒಳ್ಳೆಯದು. ಮರುದಿನ ನೋವು ಹೆಚ್ಚದಂತೆ ಎಷ್ಟು ದೂರ ನಡೆಯಬಲ್ಲಿರೋ ಅದೇ ನಿಮ್ಮ ಆರಂಭದ ಅಳತೆ. ವಾರಕ್ಕೆ ಹತ್ತನೇ ಒಂದು ಭಾಗದಷ್ಟು ಅದನ್ನು ಹೆಚ್ಚಿಸಬಹುದು. ನಡೆಯುವಾಗ ತುಸು ನೋವು ಬಂದು ರಾತ್ರಿ ಕಳೆಯುವಷ್ಟರಲ್ಲಿ ತಗ್ಗಿದರೆ ಚಿಂತೆಯಿಲ್ಲ. ಬೆಳಿಗ್ಗೆಯೂ ಕುಂಟುವಂತಾದರೆ ದೂರ ಕಡಿಮೆ ಮಾಡಬೇಕು. ವಾರಕ್ಕೆರಡು ದಿನ ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಅಗತ್ಯ. ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಸರಳ ಹಾಗೂ ಉಪಯುಕ್ತ ವಿಧಾನ.

ಈ ಕ್ರಮದಲ್ಲಿ 4 ಕಿ.ಮೀ.ಗಳಿಂದ ಆರಂಭಿಸಿದವರು 14 ವಾರಗಳಲ್ಲಿ ತಲಪುವುದು ಸುಮಾರು 15 ಕಿ.ಮೀ.ಗಳನ್ನು ಮಾತ್ರ. ಗುಂಪಿನ ನಡಿಗೆಯ ಅರ್ಧದಷ್ಟೂ ಇದಾಗದಿರಬಹುದು. ಇಲ್ಲಿಯೇ ಪ್ರಾಮಾಣಿಕ ನಿರ್ಧಾರ ಬೇಕಾಗುತ್ತದೆ. ಹೊರಡುವ ಮೊದಲೇ ಗುಂಪಿನ ಹಿರಿಯರೊಡನೆ ಮಾತನಾಡಿ, ಬೆಳಗಿನ ಹೊತ್ತು ನಡೆದು ಉಳಿದ ದೂರವನ್ನು ಸಾಮಾನು ಸಾಗಿಸುವ ವಾಹನದಲ್ಲಿ ಕ್ರಮಿಸಬಹುದು. ಕಾಡಿನ ದಾರಿಯನ್ನು ಬಿಟ್ಟು ಬಸ್ಸಿನಲ್ಲಿ ಬೆಟ್ಟ ಸೇರಬಹುದು. ಇಲ್ಲವೇ ಹರಕೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಅಭ್ಯಾಸವನ್ನು ಮುಂದುವರಿಸಬಹುದು. ಇವುಗಳಲ್ಲಿ ಯಾವುದೂ ಭಕ್ತಿಗೆ ಕುಂದಲ್ಲ.

ಗುಳಿಗೆಯ ಅಪಾಯ

ನೋವನ್ನು ಗುಂಪಿನವರಿಂದ ಮುಚ್ಚಿಟ್ಟು ಗುಳಿಗೆ ನುಂಗುತ್ತ ನಡೆಯುವುದೇ ಎಲ್ಲಕ್ಕಿಂತ ಅಪಾಯಕಾರಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವುನಿವಾರಕಗಳು ಮೂತ್ರಪಿಂಡಗಳಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತವೆ. ಬಿಸಿಲಿನಲ್ಲಿ ಬೆವರಿ ದೇಹದ ನೀರು ಕಡಿಮೆಯಾದಾಗ ಇದರಿಂದ ಮೂತ್ರಪಿಂಡಗಳು ಹಠಾತ್ತನೆ ಹಾನಿಗೊಳಗಾಗಬಹುದು. ರಕ್ತದೊತ್ತಡದ ಕೆಲವು ಗುಳಿಗೆಗಳನ್ನು ಸೇವಿಸುವವರಲ್ಲಿ ಅಪಾಯ ಇನ್ನೂ ಹೆಚ್ಚು. ಹೊಟ್ಟೆಯ ಹುಣ್ಣು, ರಕ್ತಸ್ರಾವವೂ ಸಂಭವಿಸಬಹುದು. ಯಾವ ಗುಳಿಗೆ, ದಿನಕ್ಕೆ ಎಷ್ಟು, ಎಂದಿಗೆ ನಿಲ್ಲಿಸಬೇಕು ಎಂಬುದನ್ನು ವೈದ್ಯರಿಂದ ಬರೆಸಿಕೊಂಡೇ ಹೊರಡಬೇಕು. ಸಹಯಾತ್ರಿಗಳು ಕೊಟ್ಟ ಗುಳಿಗೆಯನ್ನು ನುಂಗಬಾರದು.

ದಾರಿಯಲ್ಲಿ

ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ತಂಗಬೇಕು. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಬೆರೆಸಿ ಜತೆಗಿಟ್ಟುಕೊಳ್ಳುವುದು ಒಳಿತು. ನೋವು ಕಾಡಿದ ಮೇಲೆ ಕೂರುವುದಕ್ಕಿಂತ, ನೋವು ಬರುವ ಮೊದಲೇ ಗಡಿಯಾರ ನೋಡಿ ವಿಶ್ರಮಿಸುವುದು ಜಾಣತನ. ಒಂದೇ ಕೋಲಿದ್ದರೆ ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಏರುವಾಗ ಗಟ್ಟಿಯಾದ ಕಾಲನ್ನು, ಇಳಿಯುವಾಗ ನೋವಿನ ಕಾಲನ್ನು ಮುಂದಿಡಬೇಕು. ಪಾದರಕ್ಷೆ ಹೊಸದಾಗಿರದೆ, ಅಭ್ಯಾಸದ ದಿನಗಳಲ್ಲಿ ಪಳಗಿದ್ದಾಗಿರಲಿ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬರಿಗಾಲಿನಲ್ಲಿ ನಡೆಯಲೇಬಾರದು. ಅವರಿಗೆ ಗಾಯವಾದದ್ದೇ ತಿಳಿಯುವುದಿಲ್ಲ.

ಕೀಲು ಊದಿ ಬಿಸಿಯೇರುವುದು, ಮೀನಖಂಡ ಒಂದೇ ಬದಿಯಲ್ಲಿ ಊದುವುದು, ಕಾಲಿನ ಶಕ್ತಿ ಕುಂದುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಮೂತ್ರ ಕಂದು ಬಣ್ಣಕ್ಕೆ ತಿರುಗುವುದು, ಎದೆನೋವು, ಬಿಸಿಲಿನಲ್ಲಿ ಮಾತು ತೊದಲುವುದು – ಇವುಗಳಲ್ಲಿ ಒಂದು ಕಂಡರೂ ನಡಿಗೆ ನಿಲ್ಲಿಸಿ ತಕ್ಷಣವೇ ಆಸ್ಪತ್ರೆಗೆ ತೆರಳಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ನೆರವು ದೊರೆಯುತ್ತದೆ. ಕಾಡಿನೊಳಗೆ ವಾಹನ ತಲಪುವುದು ಕಷ್ಟವಾದ್ದರಿಂದ, ಸಂಶಯವಿದ್ದವರು ವೆಂಕಟಾಪುರದಲ್ಲಿಯೇ ನಿಲ್ಲುವುದು ಲೇಸು.

ಮಲ್ಲಯ್ಯನ ದರ್ಶನ ಮುಗಿದ ಮೇಲೆ ಊರಿಗೆ ಮರಳಿ ಹೊಲ, ಮನೆ, ಮಕ್ಕಳನ್ನು ನೋಡಿಕೊಳ್ಳಬೇಕಾದದ್ದೂ ಇದೇ ಕಾಲುಗಳೇ. ಅವುಗಳನ್ನು ಜೋಪಾನ ಮಾಡಿಕೊಂಡು ನಡೆಯುವುದೂ ಹರಕೆಯ ಒಂದು ಭಾಗವೇ ಆಗಿದೆ.