ಢಾಕಾದ ಪಾದ್ರಿ, ಅಂಟಾರ್ಕ್ಟಿಕದ ಹುಳು

ಢಾಕಾ ನಗರದ ಪಾಲಿಗೆ 1971 ಎಂಥ ವರ್ಷವೆಂದು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹಿಂದಿನ ನವೆಂಬರಿನಲ್ಲಿ ಭೋಲಾ ಚಂಡಮಾರುತ ಬಂಗಾಳದ ಕರಾವಳಿಯನ್ನು ಗುಡಿಸಿಹಾಕಿತ್ತು. ಮಾರ್ಚ್ ಹೊತ್ತಿಗೆ ಯುದ್ಧ. ಅದೇ ವರ್ಷ ಅಮೆರಿಕದ ಒಂದು ವಿಜ್ಞಾನ ಪತ್ರಿಕೆಯಲ್ಲಿ ಅಂಟಾರ್ಕ್ಟಿಕದ ಮಣ್ಣು ಮತ್ತು ಸಿಹಿನೀರಿನ ಜಂತುಹುಳುಗಳ ಬಗ್ಗೆ ಪ್ರಬಂಧವೊಂದು ಅಚ್ಚಾಯಿತು. ಬರೆದವರು ಆರ್. ಡಬ್ಲ್ಯೂ. ಟಿಮ್.

ಹವಾಮಾನ ಬದಲಾದಾಗ ಮಣ್ಣಿನ ಜೀವಿಗಳ ವಂಶವಾಹಿಗಳು ಅದಕ್ಕೆ ಹೇಗೆ ಒಗ್ಗಿಕೊಳ್ಳುತ್ತವೆ ಎಂಬುದನ್ನು ತಿಳಿಯಲು ಹೊರಟ ನನಗೆ ಈ ಹೆಸರು ಮತ್ತೆ ಮತ್ತೆ ಎದುರಾಯಿತು. ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಿರಬೇಕು ಅಂದುಕೊಂಡೆ. ಹುಡುಕುತ್ತ ಹೋದರೆ ಸಿಕ್ಕಿದ್ದು ಢಾಕಾದ ನೋಟ್ರೆ ಡೇಮ್ ಕಾಲೇಜಿನ ಪಾದ್ರಿ.

ಫಾದರ್ ರಿಚರ್ಡ್ ಟಿಮ್ ಹುಟ್ಟಿದ್ದು 1923ರಲ್ಲಿ, ಅಮೆರಿಕದ ಇಂಡಿಯಾನಾದಲ್ಲಿ. ಹೋಲಿ ಕ್ರಾಸ್ ಸಭೆಯ ಗುರುವಾಗಿ 1952ರಲ್ಲಿ ಢಾಕಾಕ್ಕೆ ಬಂದವರು ಆ ನೆಲವನ್ನೇ ತಮ್ಮದಾಗಿಸಿಕೊಂಡರು. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದರು. ಚರ್ಚಾಕೂಟ ಕಟ್ಟಿದರು, ವಿಜ್ಞಾನ ಸಂಘ ಕಟ್ಟಿದರು. ಚಂಡಮಾರುತ ಬಡಿದಾಗ ಮನ್‌ಪುರಾ ದ್ವೀಪಕ್ಕೆ ಹೋಗಿ ಪರಿಹಾರದ ಕೆಲಸಕ್ಕೆ ನಿಂತರು. ಮುಂದೆ ಮಾನವ ಹಕ್ಕುಗಳ ಹೋರಾಟಕ್ಕಿಳಿದರು. 1987ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2020ರಲ್ಲಿ, ತೊಂಬತ್ತೇಳರ ವಯಸ್ಸಿನಲ್ಲಿ ತೀರಿಕೊಂಡಾಗ ಲೋಕ ನೆನೆದದ್ದು ಹೆಚ್ಚಾಗಿ ಅವರ ಸೇವೆಯನ್ನು. ಅವರ ಹುಳುಗಳ ಮಾತು ಬಂದದ್ದು ಕಡಿಮೆ. ನನಗೆ ಈ ಲೇಖನ ಬರೆಯಬೇಕೆನಿಸಿದ್ದು ಅದಕ್ಕಾಗಿಯೇ.

ಅಂಟಾರ್ಕ್ಟಿಕದ ಆ ಹುಳುಗಳ ಊರಿಗೆ ಮೊದಲು ಕಾಲಿಟ್ಟವನು ಅನ್ವೇಷಕ ಕ್ಯಾಪ್ಟನ್ ಸ್ಕಾಟ್. 1903ರ ಡಿಸೆಂಬರಿನಲ್ಲಿ ಇಬ್ಬರು ಸಂಗಾತಿಗಳೊಡನೆ ಹಿಮನದಿಯೊಂದನ್ನು ಇಳಿದಾಗ, ಹಿಮವೇ ಇಲ್ಲದ ಬೋಳು ಕಣಿವೆ ಎದುರಾಯಿತು. ಸತ್ತ ಸೀಲ್ ಒಂದರ ಅಸ್ಥಿಪಂಜರ ಬಿಟ್ಟರೆ ಜೀವದ ಗುರುತೇ ಇಲ್ಲ. ಪಾಚಿಯೂ ಕಾಣಲಿಲ್ಲವೆಂದು ಅವನು ಬರೆದಿಟ್ಟ. ಮ್ಯಾಕ್‌ಮರ್ಡೊ ಒಣ ಕಣಿವೆಗಳೆಂದು ಇಂದು ಕರೆಯುವ ಆ ಸೀಮೆಯ ವಾರ್ಷಿಕ ಸರಾಸರಿ ಉಷ್ಣತೆ ಸುಮಾರು ಸೊನ್ನೆಗಿಂತ 20 ಡಿಗ್ರಿ ಕೆಳಗೆ. ಮಳೆಯೆಂಬುದಿಲ್ಲ. ಮಣ್ಣು ಹಸಿಯಾಗುವುದು ಬೇಸಿಗೆಯ ಕೆಲವೇ ವಾರ.

ಸ್ಕಾಟ್ ಮೆಟ್ಟಿ ನಡೆದ ಆ ಮಣ್ಣಿನೊಳಗೇ ಜೀವವಿತ್ತು. ಒಂದು ಮಿಲಿಮೀಟರಿನಷ್ಟೂ ಉದ್ದವಿಲ್ಲದ, ಬರಿಗಣ್ಣಿಗೆ ಕಾಣದ, ಬ್ಯಾಕ್ಟೀರಿಯಾ ತಿಂದು ಬದುಕುವ ಹುಳು. ನಮ್ಮ ಟೊಮೆಟೊ ಬೆಳೆಗಾರರ ನಿದ್ದೆಗೆಡಿಸುವ ಬೇರುಗಂಟು ಜಂತುಹುಳುವಿನ ದೂರದ ನೆಂಟ. ಅದನ್ನು ವಿವರಿಸಿ ಟಿಮ್ ಇಟ್ಟ ಹೆಸರು ಸ್ಕಾಟ್‌ನೆಮಾ ಲಿಂಡ್ಸೆಯೆ. ಏನೂ ಬದುಕಿಲ್ಲವೆಂದು ಸ್ಕಾಟ್ ಬರೆದ ನೆಲದ ಹುಳುವಿನ ಹೆಸರಿನಲ್ಲೇ ಇಂದು ಸ್ಕಾಟ್ ಇದ್ದಾನೆ.

ಮಳೆಗಾಲದಲ್ಲಿ ಮುಟ್ಟಿದೊಡನೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಚೋರಟೆಯನ್ನು ಮಲೆನಾಡಿನವರೆಲ್ಲ ನೋಡಿದ್ದಾರೆ. ಮಣ್ಣು ಒಣಗತೊಡಗಿದಾಗ ಈ ಹುಳುವೂ ಹಾಗೆ ಸುರುಳಿಯಾಗುತ್ತದೆ. ಮೈಯೊಳಗಿನ ನೀರನ್ನು ಬಹುಪಾಲು ಬಿಟ್ಟುಕೊಟ್ಟು, ಉಸಿರಾಟದ ಸುಳಿವೂ ಸಿಗದಂತೆ ಬಿದ್ದಿರುತ್ತದೆ. ನೀರು ಬಂದಾಗ ಬಿಚ್ಚಿಕೊಂಡು ಹರಿದಾಡುತ್ತದೆ. ಈ ವಿದ್ಯೆ ವಂಶವಾಹಿಗಳಲ್ಲಿ ಬರೆದಿಟ್ಟದ್ದು. ಅದೇ ಕಣಿವೆಗಳ ಪ್ಲೆಕ್ಟಸ್ ಎಂಬ ಇನ್ನೊಂದು ಹುಳುವನ್ನು ವಿಜ್ಞಾನಿಗಳು ನಿಧಾನವಾಗಿ ಒಣಗಿಸಿ, ಆಗ ಯಾವ ಯಾವ ವಂಶವಾಹಿಗಳು ಚುರುಕಾಗುತ್ತವೆಂದು ನೋಡಿದರು. ಟ್ರಿಹಲೋಸ್ ಎಂಬ ಸಕ್ಕರೆಯನ್ನು ತಯಾರಿಸುವ ವಂಶವಾಹಿ ಅವುಗಳಲ್ಲೊಂದು. ನೀರು ಹೋದ ಜಾಗದಲ್ಲಿ ಈ ಸಕ್ಕರೆ ನಿಂತು ಜೀವಕೋಶದ ಪೊರೆ ಕುಸಿಯದಂತೆ ಕಾಯುತ್ತದೆ.

ಟಿಮ್ ಅದೇ ಪ್ರಬಂಧದಲ್ಲಿ ಹೆಸರಿಟ್ಟ ಇನ್ನೊಂದು ಹುಳು ಪ್ಯಾನಗ್ರೊಲೈಮಸ್ ಡೇವಿಡಿ. ಇದರ ಕಥೆ ಇನ್ನೂ ಸ್ವಾರಸ್ಯದ್ದು. ಫ್ರೀಜರಿನಲ್ಲಿ ಮರೆತ ಟೊಮೆಟೊ ಹೊರಗೆ ತೆಗೆದರೆ ಮೆತ್ತಗಾಗಿ ನೀರೊಡೆಯುತ್ತದಲ್ಲ, ಜೀವಕೋಶದೊಳಗೆ ನೀರು ಹೆಪ್ಪುಗಟ್ಟಿದರೆ ಜೀವಿಗಳ ಗತಿಯೂ ಸಾಮಾನ್ಯವಾಗಿ ಅದೇ. 1995ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಡೇವಿಡ್ ವಾರ್ಟನ್ ಮತ್ತು ಸಂಗಡಿಗರು ಈ ಹುಳುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಹೆಪ್ಪುಗಟ್ಟಿಸಿದರು. ಹೊರಗಿನ ನೀರು ಗಟ್ಟಿಯಾದಂತೆ ಹಿಮ ಮೈಯ ರಂಧ್ರಗಳಿಂದ ಒಳನುಗ್ಗಿ ಜೀವಕೋಶಗಳನ್ನೇ ಹೊಕ್ಕಿತು. ರೆಪ್ಪೆ ಬಡಿಯುವಷ್ಟರಲ್ಲಿ ಹುಳುವಿನ ಮೈ ಕಪ್ಪಿಟ್ಟಿತು. ಕರಗಿಸಿದರೆ ಮತ್ತೆ ಮಿಸುಕಿತು. ಬೆಳೆಯಿತು, ಸಂತಾನ ಪಡೆಯಿತು. ಜಗತ್ತಿನ ಪ್ರಯೋಗಾಲಯಗಳು ಬೆರಗಾದವು.

ಸುಮಾರು ಎರಡು ದಶಕದ ನಂತರ ಪ್ರಯೋಗಾಲಯದ ಹುಳುವನ್ನು ಅಂಟಾರ್ಕ್ಟಿಕದ ಕರಾವಳಿಯ ಹುಳುಗಳೊಡನೆ ಹೋಲಿಸಿದಾಗ ಬೇರೊಂದು ಸತ್ಯ ಹೊರಬಿತ್ತು. ಅಷ್ಟು ಕಾಲ ಸಾಕಿಕೊಂಡು ಬಂದದ್ದು ಟಿಮ್ ಹೆಸರಿಟ್ಟ ಹುಳುವೇ ಅಲ್ಲ! ಅದು ಬೇರೆ ಜಾತಿ. ಅದರಲ್ಲಿ ಬರೀ ಹೆಣ್ಣು, ಗಂಡಿನ ಹಂಗಿಲ್ಲದೆ ಮೊಟ್ಟೆಯಿಡುತ್ತವೆ. ಅದಕ್ಕೀಗ ಸರಿಯಾದ ಹೆಸರಿಲ್ಲ, ಡಿಎಡಬ್ಲ್ಯೂ1 ಎಂಬ ಸಂಕೇತವಷ್ಟೆ. ಈ ಗುಂಪಿನ ಹೆಣ್ಣುಹುಳುಗಳ ಜೀನೋಮ್ ಓದಿದ 2019ರ ಅಧ್ಯಯನ ಹೇಳುವಂತೆ, ಇವು ಲಕ್ಷಾಂತರ ವರ್ಷಗಳ ಹಿಂದೆ ಎರಡು ಬೇರೆ ವಂಶಗಳು ಕೂಡಿ ಹುಟ್ಟಿದ ಮಿಶ್ರತಳಿಗಳಿರಬೇಕು. ವಂಶವಾಹಿಗಳ ಎರಡು ಕಟ್ಟು ಇರಬೇಕಾದಲ್ಲಿ ಮೂರು ಕಟ್ಟು ಹೊತ್ತಿವೆ. ಚಳಿಯನ್ನು ಗೆದ್ದದ್ದು ಯಾರ ವಂಶವಾಹಿ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ, ಮುಂದಿರುವ ಹುಳು ಯಾವುದೆಂದು ಮೊದಲು ಗೊತ್ತಿರಬೇಕಲ್ಲವೇ?

ಹವಾಮಾನ ಬದಲಾದಾಗ, ಹುಳು ಯಾವುದೆಂದು ಗೊತ್ತಿರಬೇಕೆಂಬ ಈ ಮಾತಿನ ತೂಕ ಇನ್ನೂ ಹೆಚ್ಚುತ್ತದೆ. ಅಮೆರಿಕದ ಡಯಾನಾ ವಾಲ್ ದಶಕಗಳ ಕಾಲ ಈ ಕಣಿವೆಗಳ ಮಣ್ಣನ್ನು ಚೀಲಕ್ಕೆ ತುಂಬಿಸಿ, ಸಕ್ಕರೆ ನೀರಿನಲ್ಲಿ ತೇಲಿಸಿ, ಹುಳುಗಳನ್ನು ಜಾತಿವಾರು ಎಣಿಸಿದರು. 2004ರಲ್ಲಿ ಅಲ್ಲಿನ ಒಂದು ಕಣಿವೆಗೆ ಅವರ ಹೆಸರಿಟ್ಟರು. 1986ರಿಂದ 2000ದವರೆಗೆ ಈ ಒಣ ಕಣಿವೆಗಳು ದಶಕಕ್ಕೆ 0.7 ಡಿಗ್ರಿಯಂತೆ ತಣ್ಣಗಾದವು; ಮಣ್ಣಿನ ಜೀವಿಗಳು ವರ್ಷಕ್ಕೆ ಶೇಕಡಾ ಹತ್ತಕ್ಕೂ ಹೆಚ್ಚು ಕುಸಿದವು. ಆಮೇಲೆ 2001-02ರ ಬೇಸಿಗೆಯಲ್ಲಿ ಬಿಸಿಲೇರಿ ಹಿಮನದಿಗಳು ಕರಗಿ ಕಣಿವೆಗೆ ನೆರೆಯೇ ಬಂತು. ನೀರು ಬಂದರೆ ಸ್ಕಾಟ್‌ನೆಮಾಕ್ಕೆ ಹಬ್ಬ ಅನ್ನಿಸಬಹುದು. ಆದದ್ದೇ ಬೇರೆ. ಹಸಿಮಣ್ಣು ಬಯಸುವ ಯೂಡೊರಿಲೈಮಸ್ ಎಂಬ ಇನ್ನೊಂದು ಹುಳು ಹೆಚ್ಚಿತು, ಸ್ಕಾಟ್‌ನೆಮಾ ಇಳಿಯುತ್ತಲೇ ಹೋಯಿತು.

ಕಾರಣ ಅದರ ವಂಶವಾಹಿಗಳಲ್ಲೇ ಇದೆ. ಒಣ ಮಣ್ಣಿಗೂ ಚಳಿಗೂ ಒಗ್ಗಿದ ದೇಹವದು, ಒಗ್ಗಲು ಯುಗಗಳೇ ಹಿಡಿದಿವೆ. ಪ್ರಯೋಗಾಲಯದಲ್ಲಿ 10 ಡಿಗ್ರಿಯ ಹಿತವಾದ ಉಷ್ಣತೆಯಲ್ಲೂ ಅದರ ಒಂದು ತಲೆಮಾರಿಗೆ 218 ದಿನ ಬೇಕು. ವರ್ಷಕ್ಕೆ ಕೆಲವೇ ವಾರ ಎಚ್ಚರವಿರುವ ಕಣಿವೆಯಲ್ಲಿ ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಹೊಸ ಹವೆಗೆ ತಕ್ಕ ವಂಶವಾಹಿಗಳು ಹಬ್ಬಬೇಕಾದರೆ ತಲೆಮಾರುಗಳು ಉರುಳಬೇಕು. ಹವಾಮಾನ ಅಷ್ಟು ಹೊತ್ತು ಕಾಯುತ್ತಿಲ್ಲ.

ಹುಳು ಗುರುತಿಸಬಲ್ಲವರು ಕಡಿಮೆಯಾಗುತ್ತಿರುವ ಹೊತ್ತಿನಲ್ಲಿ ಇದೆಲ್ಲ ನಡೆಯುತ್ತಿದೆ. ನಾನು ಓದಿದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಗಾಜಿನ ಸ್ಲೈಡುಗಳು ತುಂಬಿದ ಮರದ ಪೆಟ್ಟಿಗೆಗಳಿದ್ದವು. ಒಂದೊಂದರ ಮೇಲೂ ಯಾರದೋ ಮುದ್ದಾದ ಕೈಬರಹ. ಕೆಲವು ವರ್ಷಗಳ ಹಿಂದೆ ಹೋದಾಗ ಆ ಕಪಾಟೇ ಇರಲಿಲ್ಲ. ಕೇಳಿದರೆ, ಜಾಗ ಸಾಲಲಿಲ್ಲ ಎಂದರು. ಆ ಸಂಕಟ ಇವತ್ತಿಗೂ ಹೋಗಿಲ್ಲ. ಡಿಎನ್‌ಎ ಓದುವ ಯಂತ್ರ ಅಕ್ಷರಗಳನ್ನು ಸಾಲುಗಟ್ಟಿ ಕೊಡುತ್ತದೆ. ಅವು ಯಾರ ಅಕ್ಷರಗಳೆಂದು ಹೇಳಲು ಟಿಮ್ ಅವರಂಥ ಕಣ್ಣು ಬೇಕು.

ಯೂಡೊರಿಲೈಮಸ್‌ನ ಬಾಯೊಳಗೆ ಸೂಜಿಯಂಥದ್ದೊಂದು ಈಟಿ ಇರುತ್ತದೆ. ಸ್ಕಾಟ್‌ನೆಮಾಕ್ಕೆ ಅದಿಲ್ಲ. ಮುಂದಿನ ಬಿಸಿ ಬೇಸಿಗೆಯಲ್ಲಿ ಆ ಕಣಿವೆಯ ಹಿಡಿ ಮಣ್ಣಲ್ಲಿ ಉಳಿದವರು ಯಾರು, ಹೋದವರು ಯಾರು ಎಂದು ತಿಳಿಯಲು ಯಾರಾದರೊಬ್ಬರು ಸೂಕ್ಷ್ಮದರ್ಶಕದ ಮೇಲೆ ಬಾಗಿ ಆ ಈಟಿಯನ್ನು ಹುಡುಕಬೇಕು.