ಕೆಂಡದ ಮೇಲೆ ಸುಡಲು ಒಳ್ಳೆಯ ಬೀಫ್: ಕೊಳ್ಳುವ ಮುನ್ನ ತಿಳಿದಿರಲಿ



ಪಾಸ್ಕ ಹಬ್ಬ ಕಳೆದು ಬೇಸಿಗೆ ರಜೆ ಬಂತೆಂದರೆ ಚೇರಂಬಾಡಿಯ ಮನೆಗಳಲ್ಲಿ ನೆಂಟರ ಓಡಾಟ ಹೆಚ್ಚುತ್ತದೆ. ಮೈಸೂರು, ಗುಂಡ್ಲುಪೇಟೆ, ಬೆಂಗಳೂರುಗಳಿಂದ ಮಗಳು ಅಳಿಯ, ಮೊಮ್ಮಕ್ಕಳು ಬರುತ್ತಾರೆ. ಬಂದವರಿಗೆ ಚಹಾ ತೋಟದ ತಂಪು ಗಾಳಿಯ ಜೊತೆಗೆ ಇನ್ನೊಂದು ಆಸೆಯೂ ಇರುತ್ತದೆ: ಸಂಜೆ ಅಂಗಳದಲ್ಲಿ ಕೆಂಡ ಮಾಡಿ ಬೀಫ್ ಸುಟ್ಟು ತಿನ್ನಬೇಕು. "ಫಾದರ್, ಸುಡಲಿಕ್ಕೆ ಒಳ್ಳೆಯ ಮಾಂಸ ಎಲ್ಲಿ ಸಿಗುತ್ತದೆ?" ಎಂದು ಭಾನುವಾರದ ಪೂಜೆ ಮುಗಿಸಿ ಹೊರಬರುವಾಗಲೇ ನಮ್ಮನ್ನು ಕೇಳಿದವರುಂಟು.

ಉತ್ತರ ಹೇಳುವ ಮೊದಲು ನಮ್ಮದೇ ಒಂದು ಪೆದ್ದುತನವನ್ನು ಒಪ್ಪಿಕೊಂಡುಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಸೆಮಿನರಿಯ ಹಳೆಯ ಸಹಪಾಠಿಗಳಿಬ್ಬರು ಗುರುನಿವಾಸಕ್ಕೆ ಬಂದಿದ್ದರು. ಬೆಳಿಗ್ಗೆ ಕಡಿದ ಮಾಂಸವನ್ನು ತಂದು, ಎರಡು ಬೆರಳು ದಪ್ಪದ ತುಂಡು ಮಾಡಿ, ಮಧ್ಯಾಹ್ನವೇ ಉರಿಯುವ ಬೆಂಕಿಯ ಮೇಲೆ ಇಟ್ಟೆವು. ಹೊರಗೆ ಕರಿಕಲು, ಒಳಗೆ ಹಸಿ. ಅಗಿದರೆ ಚಪ್ಪಲಿಯ ತೊಗಲು. ಒಬ್ಬರಿಗೆ ಎರಡು ದಿನ ಹೊಟ್ಟೆ ಕೆಟ್ಟಿತು. ನಾವು ಮಾಂಸದಂಗಡಿಯವನನ್ನು ಬೈದುಕೊಂಡೆವು. ಅಡುಗೆಯ ಅಜ್ಜಿ ಮಾತ್ರ, "ಸಾಮಿ, ತಪ್ಪು ಅವನದಲ್ಲ, ನಮ್ಮದೇ" ಎಂದರು. ಅವರು ಹೇಳಿದ್ದು ನಿಜವೆಂದು ವಿಚಾರಿಸಿ ನೋಡಿದಾಗ ತಿಳಿಯಿತು.

ನಮ್ಮಲ್ಲಿ ಸಿಗುವುದು ಯಾವ ಮಾಂಸ?

ತಮಿಳುನಾಡಿನ 1958ರ ಪ್ರಾಣಿ ಸಂರಕ್ಷಣಾ ಕಾಯ್ದೆಯ ಪ್ರಕಾರ, 10 ವರ್ಷ ದಾಟಿ ದುಡಿಮೆಗೂ ಸಂತಾನಕ್ಕೂ ಬಾರದ, ಅಥವಾ ಗಾಯ ಇಲ್ಲವೆ ವಾಸಿಯಾಗದ ಕಾಯಿಲೆಯಿಂದ ಶಾಶ್ವತವಾಗಿ ಅಶಕ್ತವಾದ ಪ್ರಾಣಿಗೆ ಮಾತ್ರ ವಧೆಯ ಅರ್ಹತಾ ಪತ್ರ ಸಿಗುತ್ತದೆ. 1976ರ ಸರ್ಕಾರಿ ಆಜ್ಞೆಯಂತೆ ಹಸು, ಕಡಸುಗಳ ವಧೆಗೆ ನಿಷೇಧವಿದೆ. ಹಾಗಾಗಿ ನಮ್ಮ ಅಂಗಡಿಯಲ್ಲಿ ನ್ಯಾಯವಾಗಿ ತೂಗುವುದು ಮುದಿ ಎತ್ತಿನದೋ, ಮುದಿ ಎಮ್ಮೆ ಕೋಣದ್ದೋ ಆಗಿರುತ್ತದೆ. ಎಂಟು ಹಲ್ಲು ಬಂದು ದನ ಬಾಯಿಗೂಡುವುದು ಸುಮಾರು ಐದನೆಯ ವರ್ಷಕ್ಕೆ. ಅದಾದ ಮೇಲೂ ಐದಾರು ವರ್ಷ ನೊಗ ಹೊತ್ತ ಪ್ರಾಣಿಯ ಮಾಂಸವಿದು.

ಸಿನಿಮಾದಲ್ಲಿ ಕಾಣುವ ಅಮೆರಿಕದ ದಪ್ಪ ತುಂಡು ಬೇರೆಯೇ ಜಾತಿ. ಅಲ್ಲಿ ಕಾಳು ತಿನ್ನಿಸಿ ಕೊಬ್ಬಿಸಿದ, ಸಾಮಾನ್ಯವಾಗಿ ಎರಡು ವರ್ಷದ ಆಸುಪಾಸಿನ ಪ್ರಾಣಿಯನ್ನು ಕಡಿಯುತ್ತಾರೆ. ವಯಸ್ಸಾದಂತೆ ಸ್ನಾಯುಗಳನ್ನು ಹಿಡಿದಿಡುವ ನಾರು ಗಟ್ಟಿಯಾಗುತ್ತದೆ. ಸಾರಿನಲ್ಲಿ ಗಂಟೆಗಟ್ಟಲೆ ಕುದಿಸಿದರೆ ಆ ನಾರು ಕರಗುತ್ತದೆ; ಕೆಂಡದ ಮೇಲೆ ಹತ್ತು ನಿಮಿಷದಲ್ಲಿ ಕರಗುವುದಿಲ್ಲ. ಎಳೆಯ ಕರುವಿನ ಮೃದು ಮಾಂಸವೆಂದು ಯಾರಾದರೂ ಗುಟ್ಟಾಗಿ ತಂದುಕೊಟ್ಟರೆ ಅದು ಕಾನೂನಿಗೆ ವಿರುದ್ಧ ಎಂಬುದು ನೆನಪಿರಲಿ. ಮುದಿ ಪ್ರಾಣಿಯ ಮಾಂಸವನ್ನೇ ಸರಿಯಾಗಿ ಆರಿಸಿ, ಸರಿಯಾಗಿ ಕೊಯ್ದು ಸುಡುವುದನ್ನು ಕಲಿತರೆ ನಮಗೆ ಸಾಕು.

ಮೆಕ್ಸಿಕೊದಿಂದ ಎರಡು ಪಾಠ

ಮೆಕ್ಸಿಕೊ ದೇಶದ ಉತ್ತರ ಭಾಗದಲ್ಲಿ, ಅದರಲ್ಲೂ ಸೊನೋರಾ ರಾಜ್ಯದಲ್ಲಿ, ಭಾನುವಾರ ನೆಂಟರಿಷ್ಟರು ಕೂಡಿ ದನದ ಮಾಂಸ ಸುಡುವುದು ದೊಡ್ಡ ಸಂಭ್ರಮ. ಅವರು ಬಹಳ ಇಷ್ಟಪಡುವ ತುಂಡುಗಳಲ್ಲಿ ಒಂದಕ್ಕೆ 'ಅರ್ರಾಚೆರಾ' ಎಂದು ಹೆಸರು. ಅದು ವಪೆ, ಅಂದರೆ ಎದೆಗೂಡಿಗೂ ಹೊಟ್ಟೆಗೂ ನಡುವೆ ಇರುವ ಪರದೆಯಂಥ ಮಾಂಸ. ದಪ್ಪ ನಾರಿನದಾದ್ದರಿಂದ ಹಿಂದೆ ಬಡವರ ಪಾಲಾಗಿತ್ತು. ಅದನ್ನು ನಿಂಬೆರಸ, ಉಪ್ಪು, ಬೆಳ್ಳುಳ್ಳಿಯಲ್ಲಿ ನೆನೆಸಿ, ಜೋರು ಕೆಂಡದಲ್ಲಿ ಬೇಗ ಸುಟ್ಟು, ನಾರಿಗೆ ಅಡ್ಡಲಾಗಿ ತೆಳ್ಳಗೆ ಕೊಯ್ದು, ಗೋಧಿ ರೊಟ್ಟಿಯಲ್ಲಿ ಸುತ್ತಿ ತಿನ್ನುತ್ತಾರೆ. ಗಟ್ಟಿ ಮಾಂಸವನ್ನು ಬಾಯಿಗೆ ಹಿತವಾಗಿಸುವುದು ಕೊಯ್ಯುವ ಕತ್ತಿ ಎಂಬುದು ಮೊದಲ ಪಾಠ.

ಎರಡನೆಯ ಪಾಠ ಎಚ್ಚರಿಕೆಯದು. 2011ರಲ್ಲಿ ಮೆಕ್ಸಿಕೊದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ಫುಟ್‌ಬಾಲ್ ನಡೆದಾಗ ನೂರಕ್ಕೂ ಹೆಚ್ಚು ಆಟಗಾರರ ಮೂತ್ರದಲ್ಲಿ ಕ್ಲೆನ್‌ಬ್ಯುಟೆರಾಲ್ ಎಂಬ ಔಷಧದ ಅಂಶ ಕಂಡುಬಂತು. ಹುಡುಗರು ಮದ್ದು ನುಂಗಿರಲಿಲ್ಲ. ದನಗಳ ಮೈಮಾಂಸ ಹೆಚ್ಚಲೆಂದು ಕೆಲವರು ಕಾನೂನುಬಾಹಿರವಾಗಿ ಕೊಟ್ಟಿದ್ದ ಮದ್ದು ಊಟದ ತಟ್ಟೆಯ ಮೂಲಕ ಅವರ ಮೈಗೆ ಸೇರಿತ್ತು. ಆ ದೇಶಕ್ಕೆ ರಜೆಗೆ ಹೋಗುವ ತಿಳಿವಳಿಕಸ್ಥರು ಕೇಂದ್ರ ಸರ್ಕಾರದ ತಪಾಸಣೆ ಇರುವ ಕಸಾಯಿಖಾನೆಯ 'ಟಿಐಎಫ್' ಗುರುತನ್ನು ನೋಡಿ ಮಾಂಸ ಕೊಳ್ಳುತ್ತಾರೆ. ನಾವೂ ರುಚಿಗಿಂತ ಮೊದಲು ತಪಾಸಣೆಯನ್ನು ವಿಚಾರಿಸಬೇಕು.

ಅಂಗಡಿಯಲ್ಲಿ ನೋಡಬೇಕಾದ್ದು

1. ಪರವಾನಗಿ. ಚೇರಂಬಾಡಿಯಲ್ಲಾಗಲಿ, ಚೋಲಾಡಿ ಚೆಕ್‌ಪೋಸ್ಟ್ ದಾಟಿ ವಯನಾಡಿನ ವಡುವಂಚಾಲ್ ಕಡೆಗಾಗಲಿ, ತಾಳೂರಿನ ಮೇಲೆ ಸುಲ್ತಾನ್ ಬತ್ತೇರಿಗಾಗಲಿ ಹೋದಾಗ ಸ್ಥಳೀಯ ಸಂಸ್ಥೆಯ ಪರವಾನಗಿ ಮತ್ತು ಆಹಾರ ಸುರಕ್ಷತೆಯ 14 ಅಂಕಿಯ ನೋಂದಣಿ ಸಂಖ್ಯೆ ಇರುವ ಅಂಗಡಿಯಲ್ಲೇ ಕೊಳ್ಳಿರಿ. ಪಶುವೈದ್ಯರು ಪ್ರಾಣಿಯನ್ನು ನೋಡಿದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ.

2. ಬಣ್ಣ. ಹೊಸದಾಗಿ ಕೊಯ್ದ ಮುಖ ಕೆಂಪಾಗಿ ತೇವದಿಂದ ಹೊಳೆಯಬೇಕು. ಎಮ್ಮೆ ಕೋಣದ ಮಾಂಸ ಎತ್ತಿನದಕ್ಕಿಂತ ಕಡುಗೆಂಪು, ಕೊಬ್ಬು ಬಿಳಿ. ಹುಲ್ಲು ಮೇಯ್ದ ಎತ್ತಿನ ಕೊಬ್ಬು ಹಳದಿ ಛಾಯೆಯದು. ಹಳದಿ ಕೊಬ್ಬು ಕೆಟ್ಟದ್ದೆಂದು ತಿಳಿಯಬೇಡಿ.

3. ಬೆರಳಿನ ಪರೀಕ್ಷೆ. ಒತ್ತಿದ ಗುಳಿ ಮೇಲೆ ಬರಬೇಕು. ಅಂಟು ಅಂಟಾಗಿದ್ದರೆ, ಹಸಿರು ಛಾಯೆ ಇದ್ದರೆ, ಹುಳಿ ವಾಸನೆ ಬಂದರೆ ಅಲ್ಲೇ ಬಿಟ್ಟು ಬನ್ನಿ.

4. ಬಿಳಿ ಕಾಳು. ಮಾಂಸದ ಎಳೆಗಳ ನಡುವೆ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳಿದ್ದರೆ ಅದು ಲಾಡಿಹುಳುವಿನ ಮರಿ. ಬಯಲಿನಲ್ಲಿ ಶೌಚಕ್ಕೆ ಹೋದ ಮನುಷ್ಯನಿಂದ ಹುಲ್ಲಿಗೆ, ಹುಲ್ಲಿನಿಂದ ದನಕ್ಕೆ, ದನದಿಂದ ಮತ್ತೆ ಮನುಷ್ಯನಿಗೆ ಅದು ಸುತ್ತುತ್ತದೆ. ಮನೆಗೊಂದು ಶೌಚಾಲಯವಿದ್ದರೆ ದನವೂ ಉಳಿಯುತ್ತದೆ, ನಾವೂ ಉಳಿಯುತ್ತೇವೆ.

5. ತುಂಡು. ಸುಡಲು 'ಅಂಡರ್‌ಕಟ್' ಕೇಳಿರಿ. ಬೆನ್ನೆಲುಬಿನ ಒಳಭಾಗದಲ್ಲಿರುವ, ದುಡಿಮೆ ಕಾಣದ ಮಾಂಸವದು. ಪ್ರಾಣಿಯೊಂದಕ್ಕೆ ಸ್ವಲ್ಪವೇ ಸಿಗುವುದರಿಂದ ಹಿಂದಿನ ದಿನವೇ ಹೇಳಿಡಬೇಕು, ಬೆಲೆಯೂ ಹೆಚ್ಚು. ಸಿಗದಿದ್ದರೆ ಬೆನ್ನಿನ ಮಾಂಸ ಅಥವಾ ವಪೆ ಆದೀತು. ಕಾಲು, ಕತ್ತು, ಭುಜದ ಮಾಂಸವನ್ನು ಸಾರಿಗೆ, ಹುರುಕಲಿಗೆ ಇಡಿ.

6. ಪಾತ್ರೆ. ನೀಲಗಿರಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಮುಚ್ಚಳವಿರುವ ಸ್ಟೀಲ್ ಡಬ್ಬವನ್ನು ಮನೆಯಿಂದಲೇ ಒಯ್ಯಿರಿ. ಮಾಂಸಕ್ಕೂ ಅದೇ ಒಳ್ಳೆಯದು.

ದಣಿದ ಪ್ರಾಣಿ, ಕೆಟ್ಟ ಮಾಂಸ

ಕೆಲವೊಮ್ಮೆ ಮಾಂಸ ಕಪ್ಪಗೆ, ಬಿಗಿಯಾಗಿ, ಒಣಗಿದಂತೆ ಇರುತ್ತದೆ. ಅದು ಸಂಕಟಪಟ್ಟ ಪ್ರಾಣಿಯ ಗುರುತು. ಲಾರಿಯಲ್ಲಿ ಒತ್ತಾಗಿ ತುಂಬಿ, ನೀರು ಮೇವಿಲ್ಲದೆ ದೂರ ಸಾಗಿಸಿದಾಗ ಸ್ನಾಯುಗಳಲ್ಲಿರುವ ಸಕ್ಕರೆಯ ಅಂಶ ಮುಗಿದುಹೋಗುತ್ತದೆ. ಕಡಿದ ಮೇಲೆ ಮಾಂಸದಲ್ಲಿ ಸಹಜವಾಗಿ ಹುಟ್ಟಬೇಕಾದ ಆಮ್ಲ ಆಗ ಹುಟ್ಟುವುದಿಲ್ಲ. ಆಮ್ಲವಿಲ್ಲದ ಮಾಂಸ ಬೇಗ ಕೆಡುತ್ತದೆ. ಪ್ರಾಣಿಗೆ ಕೊನೆಯ ದಿನ ನೆರಳು, ನೀರು, ವಿಶ್ರಾಂತಿ ಕೊಡುವುದು ದಯೆಯ ಮಾತು ಮಾತ್ರವಲ್ಲ, ತಿನ್ನುವವನ ಆರೋಗ್ಯದ ಮಾತೂ ಹೌದು. ಹತ್ತು ವರ್ಷ ನಮ್ಮ ಹೊಲ ಉತ್ತ ಜೀವಕ್ಕೆ ಅಷ್ಟಾದರೂ ಸಲ್ಲಬೇಡವೇ?

ತಾನಾಗಿ ಸತ್ತ ದನದ ಮಾಂಸವನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ. ದಿಢೀರನೆ ಸತ್ತು, ಮೂಗು ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗವಿರಬಹುದು. ಅಂಥ ಹೆಣವನ್ನು ಕೊಯ್ದವನಿಗೂ ರೋಗ ತಗಲುತ್ತದೆ. ತೊಗಲು ಸುಲಿಯದೆ, ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಮನೆಗೆ ತಂದ ಮೇಲೆ

ನಮ್ಮ ಪೆದ್ದುತನದ ಮುಖ್ಯ ಕಾರಣ ಇಲ್ಲಿದೆ. ಕಡಿದ ಕೆಲವು ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಸುಟ್ಟರೆ ತೊಗಲೇ ಗತಿ. ತಂದ ಕೂಡಲೇ ಮುಚ್ಚಿದ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ, 4 ಡಿಗ್ರಿ ಸೆಲ್ಸಿಯಸ್ ಒಳಗೆ, ಒಂದು ದಿನ, ಹೆಚ್ಚೆಂದರೆ ಎರಡು ದಿನ ಇಡಿ. ತಾನಾಗಿ ಸಡಿಲವಾಗುತ್ತದೆ. ಫ್ರಿಜ್ ಇಲ್ಲದವರು, ಕರೆಂಟು ಹೋಗುವ ಕಡೆಯವರು ಈ ಸಾಹಸ ಮಾಡದೆ ಅಂದೇ ಸಾರು ಮಾಡಿಕೊಳ್ಳುವುದು ಲೇಸು. ಹಸಿ ಮಾಂಸ ಕೊಯ್ದ ಮಣೆಯಲ್ಲಿ ಈರುಳ್ಳಿ, ಸೌತೆಕಾಯಿ ಹೆಚ್ಚಬೇಡಿ.

ಮರುದಿನ ಮಾಂಸದ ಎಳೆ ಯಾವ ಕಡೆಗೆ ಓಡಿದೆಯೆಂದು ನೋಡಿ, ಅದಕ್ಕೆ ಅಡ್ಡಲಾಗಿ ಅರ್ಧ ಬೆರಳು ದಪ್ಪಕ್ಕೆ ಕೊಯ್ಯಿರಿ. ಒಂದು ಕಿಲೋಗೆ ಎರಡು ಚಮಚ ಹಸಿ ಪರಂಗಿಕಾಯಿ ಅರೆದದ್ದು, ಶುಂಠಿ ಬೆಳ್ಳುಳ್ಳಿ, ನಮ್ಮದೇ ತೋಟದ ಕರಿಮೆಣಸು, ಉಪ್ಪು, ಒಂದು ನಿಂಬೆಹಣ್ಣಿನ ರಸ ಸಾಕು. ಪರಂಗಿಕಾಯಿ ಹಚ್ಚಿ ಒಂದು ಗಂಟೆಗಿಂತ ಹೆಚ್ಚು ಬಿಟ್ಟರೆ ಮಾಂಸ ಹಿಟ್ಟಾಗುತ್ತದೆ.

ಸುಡುವ ಕ್ರಮ

ಕಾಫಿ ಕಟ್ಟಿಗೆ, ತೆಂಗಿನ ಚಿಪ್ಪಿನ ಇದ್ದಿಲು ಒಳ್ಳೆಯದು. ಬಣ್ಣ ಬಳಿದ ಹಲಗೆ, ಔಷಧ ಸಿಂಪಡಿಸಿದ ಗಿಡದ ಕಡ್ಡಿ ಬೇಡ. ಉರಿ ಆರಿ ಕೆಂಡದ ಮೇಲೆ ಬಿಳಿ ಬೂದಿ ಕೂತ ಮೇಲೆ ಮಾಂಸ ಇಡಬೇಕು. ತೆಳ್ಳನೆಯ ತುಂಡಿಗೆ ಪ್ರತಿ ಬದಿಗೆ ಎರಡು ಮೂರು ನಿಮಿಷ ಸಾಕಾಗುತ್ತದೆ. ಒಳಗೆ ಕೆಂಪು ಉಳಿಯಬಾರದು. ಉಷ್ಣಮಾಪಕವಿದ್ದವರು 71 ಡಿಗ್ರಿ ತಲುಪಿತೇ ನೋಡಬಹುದು. ಅರೆಬೆಂದ ಮಾಂಸದ ಷೋಕಿ ನಮ್ಮ ಊರಿಗೆ ತಕ್ಕದ್ದಲ್ಲ. ಕರಿಕಾದ ಭಾಗವನ್ನು ಕೆರೆದು ತೆಗೆಯಿರಿ, ಅದರಲ್ಲಿ ಕ್ಯಾನ್ಸರಿಗೆ ದಾರಿಮಾಡಬಲ್ಲ ವಸ್ತುಗಳಿರುತ್ತವೆ.

ಉಳಿದ ಮೂಳೆ, ಚೂರುಗಳನ್ನು ಬೇಲಿಯಾಚೆ ಎಸೆಯುವ ಅಭ್ಯಾಸ ಬಿಡಬೇಕು. ಅದಕ್ಕೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ. 2024ರ ಜನವರಿಯಲ್ಲಿ ಪಂದಲೂರಿನ ತೋಟವೊಂದರಲ್ಲಿ ಮೂರು ವರ್ಷದ ಮಗು ಚಿರತೆಗೆ ಬಲಿಯಾದದ್ದನ್ನು ನಾವ್ಯಾರೂ ಮರೆತಿಲ್ಲ. ಆಳವಾಗಿ ಹೂತುಬಿಡಿ. ಮಾಂಸ ತಿನ್ನದ ನೆರೆಯವರ ಬಾಗಿಲ ಮುಂದೆ ಹೊಗೆ ಹಾಯದಂತೆ ಹಿತ್ತಲಲ್ಲಿ ಕೆಂಡ ಮಾಡುವುದು ಸೌಜನ್ಯ.

ಗಡಿ ದಾಟಿಸಬೇಡಿ

ರಜೆ ಮುಗಿಸಿ ಹೊರಟ ಮಗಳಿಗೆ ತಾಯಿ ಎರಡು ಕಿಲೋ ಹಸಿ ಮಾಂಸ ಕಟ್ಟಿಕೊಡುವುದನ್ನು ಕಂಡಿದ್ದೇವೆ. ಪ್ರೀತಿ ಅರ್ಥವಾಗುತ್ತದೆ, ಆದರೂ ಬೇಡವೆನ್ನುತ್ತೇವೆ. ಮೂರು ರಾಜ್ಯಗಳ ಗಡಿಯ ಹತ್ತಿರ ಬಾಳುವವರು ನಾವು, ಒಂದೊಂದು ಕಡೆ ಒಂದೊಂದು ಕಾನೂನು. ಕೇರಳದಲ್ಲಿ ಗೋವಧೆಯನ್ನು ನಿಷೇಧಿಸುವ ರಾಜ್ಯ ಕಾಯ್ದೆ ಇಲ್ಲ. ಕರ್ನಾಟಕದಲ್ಲಿ 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆ ಹಸು, ಕರು, ಹೋರಿ, ಎತ್ತುಗಳ ವಧೆಯನ್ನು ಪೂರ್ತಿ ನಿಷೇಧಿಸಿದೆ. ಅನುಮತಿ ಇರುವುದು 13 ವರ್ಷ ದಾಟಿದ ಎಮ್ಮೆ ಕೋಣಕ್ಕೆ ಮಾತ್ರ. ತಪ್ಪಿತಸ್ಥರಿಗೆ ಮೂರರಿಂದ ಏಳು ವರ್ಷ ಜೈಲು. ಕಕ್ಕನಹಳ್ಳದ ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿಸಿದರೆ ಅದು ಯಾವ ಪ್ರಾಣಿಯದು, ಎಷ್ಟು ವಯಸ್ಸಿನದು ಎಂದು ನಮ್ಮ ಹುಡುಗಿ ಹೇಗೆ ರುಜುವಾತು ಮಾಡಿಯಾಳು? ಬಂಡೀಪುರದ ದಾರಿಯಾಗಿ ಬಸ್ಸಿನಲ್ಲಿ ನಾಲ್ಕೈದು ಗಂಟೆ ಬಿಸಿಗೆ ಕೂತ ಮಾಂಸ ಊರು ಮುಟ್ಟುವ ಹೊತ್ತಿಗೆ ತಿನ್ನಲೂ ಯೋಗ್ಯವಲ್ಲ. ಇಲ್ಲೇ ಉಣ್ಣಿಸಿ, ಕರಿಮೆಣಸು, ಚಹಾಪುಡಿ ಕಟ್ಟಿಕೊಡಿ.

ಮಾರುವವರಿಗೆ ಒಂದು ಮಾತು

ಕೊಳ್ಳುವವರ ಎಚ್ಚರದಷ್ಟೇ ಮಾರುವ ರೈತನ ಪ್ರಾಮಾಣಿಕತೆಯೂ ಮುಖ್ಯ. ದನಕ್ಕೆ ಚುಚ್ಚುಮದ್ದು ಹಾಕಿಸಿ, ಗುಣವಾಗದೆಂದು ತಿಳಿದು ಮರುದಿನವೇ ಮಾರುವುದು ತಪ್ಪು. ಪ್ರತಿ ಔಷಧಕ್ಕೂ ಅದು ಮೈಬಿಟ್ಟುಹೋಗಲು ಇಷ್ಟು ದಿನವೆಂದು ಇರುತ್ತದೆ, ವೈದ್ಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ನೋವಿನ ಮದ್ದಾದ ಡೈಕ್ಲೋಫೆನಾಕನ್ನು ದನಗಳಿಗೆ ಕೊಡುವುದು 2006ರಿಂದಲೇ ನಿಷಿದ್ಧ; ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್‌ಗಳೂ 2023ರಲ್ಲಿ ಆ ಪಟ್ಟಿಗೆ ಸೇರಿದವು. ಅಂಥ ಮದ್ದು ತಿಂದ ದನದ ಹೆಣ ತಿಂದು ರಣಹದ್ದುಗಳು ಸಾಯುತ್ತವೆ. ಮುದುಮಲೈ, ಮೋಯಾರ್ ಕಡೆ ಉಳಿದಿರುವ ಹದ್ದುಗಳ ಜೀವ ನಮ್ಮ ಕೈಯಲ್ಲಿದೆ.

ಕೊನೆಯದಾಗಿ, ಹಿತಮಿತ. ನೂರು ಗ್ರಾಂ ಕೊಬ್ಬಿಲ್ಲದ ಬೀಫಿನಲ್ಲಿ ಸುಮಾರು 20 ಗ್ರಾಂ ಸಸಾರಜನಕವಿದೆ, ಮೈಗೆ ಸುಲಭವಾಗಿ ಹತ್ತುವ ಕಬ್ಬಿಣವಿದೆ. ದಿನವಿಡೀ ಚಹಾ ಸೊಪ್ಪು ಕೀಳುವ, ರಕ್ತಹೀನತೆಯಿಂದ ಬಳಲುವ ನಮ್ಮ ಹೆಣ್ಣುಮಕ್ಕಳಿಗೆ ಅದು ಬೇಕಾದದ್ದು. ಆದರೆ ವಾರಕ್ಕೆ ಬೆಂದ ಕೆಂಪು ಮಾಂಸ 350ರಿಂದ 500 ಗ್ರಾಂ ಮೀರದಿರಲಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಅಂಡರ್‌ಕಟ್ಟಿನ ಮೊದಲ ತುಂಡು ಅಳಿಯನ ತಟ್ಟೆಗೆ ಹೋಗುವುದು ನಮ್ಮ ರೂಢಿ. ಈ ರಜೆಯಲ್ಲಿ ಅದು ಮನೆಯ ಸೊಸೆಯ ತಟ್ಟೆಗೂ ಬೀಳಲಿ.