ಎಂಟನೇ ಮಹಡಿಗೆ ಹೆಚ್ಚು ಬೆಲೆ ಏಕೆ?

ಚೀನೀಯರು ಮನೆ ಕೊಳ್ಳುವಾಗ ನಮ್ಮ ವಾಸ್ತುವಿನಂಥ ಫೆಂಗ್‌ಶುಯಿ ನೋಡುವುದೇಕೆ ಎಂದರೆ, ಅದು ಅವರ ಸಂಸ್ಕೃತಿ ಎಂಬ ಉತ್ತರ ಥಟ್ಟನೆ ಬರುತ್ತದೆ. ಆದರೆ ಒಂದೇ ಊರಿನಲ್ಲಿ, ಒಂದೇ ಸಂಪ್ರದಾಯದಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರು ಬಾಗಿಲಿನ ದಿಕ್ಕು ನೋಡದೆ ಮುಂಗಡ ಕೊಡುವುದಿಲ್ಲ, ಇನ್ನೊಬ್ಬರಿಗೆ ಅದು ಲೆಕ್ಕಕ್ಕೇ ಇಲ್ಲ. ಅನಿಶ್ಚಿತತೆಯನ್ನು ಎಷ್ಟು ತಾಳಿಕೊಳ್ಳಬಲ್ಲರು ಎಂಬ ಸ್ವಭಾವವೂ ಇಲ್ಲಿ ಕೆಲಸ ಮಾಡುತ್ತದೆ.

ಈ ನಂಬಿಕೆಯನ್ನು ಅಳೆಯುವುದು ಸುಲಭವಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಮನೆ ಫೆಂಗ್‌ಶುಯಿಗೂ ಒಪ್ಪಿಗೆ, ಚೀನಾದ ಚಳಿಗಾಲದ ಬಿಸಿಲಿಗೂ ಅನುಕೂಲ. ಕೊಂಡವರು ಯಾವುದಕ್ಕೆ ಹಣ ತೆತ್ತರೆಂದು ಹೇಳುವುದು ಹೇಗೆ? ಫೆಂಗ್‌ಶುಯಿಯ ಜೊತೆಗೇ ಬರುವ ಸಂಖ್ಯಾನಂಬಿಕೆಯಲ್ಲಿ ಈ ತೊಡಕಿಲ್ಲ. ಚೀನೀ ಉಚ್ಚಾರದಲ್ಲಿ ನಾಲ್ಕು ಸಾವನ್ನೂ ಎಂಟು ಸಿರಿಯನ್ನೂ ನೆನಪಿಸುತ್ತವೆ. ಮನೆಯ ಸಂಖ್ಯೆಯಿಂದ ಗಾಳಿ ಬೆಳಕೇನೂ ಹೆಚ್ಚುವುದಿಲ್ಲ. ಆದರೂ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೆನಡಾದ ವ್ಯಾಂಕೋವರ್ ಪ್ರದೇಶದಲ್ಲಿ ಚೀನೀಯರು ಹೆಚ್ಚಾಗಿರುವ ಬಡಾವಣೆಗಳಲ್ಲಿ ನಾಲ್ಕರಿಂದ ಕೊನೆಗೊಳ್ಳುವ ಸಂಖ್ಯೆಯ ಮನೆಗಳು ಶೇ 2.2ರಷ್ಟು ಅಗ್ಗವಾಗಿ, ಎಂಟರಿಂದ ಕೊನೆಗೊಳ್ಳುವವು ಶೇ 2.5ರಷ್ಟು ದುಬಾರಿಯಾಗಿ ಮಾರಾಟವಾಗಿದ್ದವು. ಮುಂದೆ ಮಾರುವಾಗ ಬೆಲೆ ಬರಲೆಂದು ನಂಬದವರೂ ಹೀಗೆ ಕೊಳ್ಳಬಹುದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಚೀನಾದ ಚೆಂಗ್ಡು ನಗರದ ದಾಖಲೆಗಳು ಅದಕ್ಕೆ ಅರ್ಧ ಉತ್ತರ ಕೊಡುತ್ತವೆ: ಯಾರ ಫೋನ್ ಸಂಖ್ಯೆಯಲ್ಲಿ ಎಂಟುಗಳು ಹೆಚ್ಚಿದ್ದವೋ ಅವರೇ ಎಂಟರಿಂದ ಕೊನೆಗೊಳ್ಳುವ ಮಹಡಿಗಳನ್ನು ಹೆಚ್ಚಾಗಿ ಕೊಂಡಿದ್ದರು. ಫೋನ್ ಸಂಖ್ಯೆಯನ್ನು ಮರುಮಾರಾಟದ ಲೆಕ್ಕ ಹಾಕಿ ಇಟ್ಟುಕೊಳ್ಳುವವರು ಅಪರೂಪ. ಅಲ್ಲಿ ಕಾಣುವುದು ವ್ಯಕ್ತಿಯ ಒಲವು.

ಆ ಒಲವು ಯಾವಾಗ ಬಲಗೊಳ್ಳುತ್ತದೆ? 1991ರ ಕೊಲ್ಲಿ ಯುದ್ಧದಲ್ಲಿ ಇಸ್ರೇಲಿನ ಮೇಲೆ ಕ್ಷಿಪಣಿಗಳು ಬೀಳುತ್ತಿದ್ದವು. ಮನೋವಿಜ್ಞಾನಿ ಗಿಯೋರಾ ಕೈನನ್ ಅಲ್ಲಿನ ಜನರನ್ನು ಮಾತನಾಡಿಸಿದಾಗ, ದಾಳಿಗೊಳಗಾದ ಊರುಗಳವರಲ್ಲಿ ಮಾಂತ್ರಿಕ ಯೋಚನೆ, ಅಂದರೆ ಸಂಬಂಧವಿಲ್ಲದ ಆಚರಣೆ, ಸಂಕೇತಗಳಿಂದ ಫಲ ಸಿಗುತ್ತದೆಂಬ ನಂಬಿಕೆ, ಹೆಚ್ಚಿತ್ತು. ಅಸ್ಪಷ್ಟತೆಯನ್ನು ಸಹಿಸದ ಸ್ವಭಾವದವರಲ್ಲಂತೂ ಒತ್ತಡದ ಪರಿಣಾಮ ಇನ್ನೂ ಗಾಢವಾಗಿತ್ತು. ಮನೆ ಖರೀದಿ ಯುದ್ಧವಲ್ಲ, ನಿಜ. ಆದರೆ ಜೀವಮಾನದ ಉಳಿತಾಯ, ಇಪ್ಪತ್ತು ವರ್ಷದ ಸಾಲ, ಕಣ್ಣಿಗೆ ಕಾಣದ ಅಡಿಪಾಯ ಎಲ್ಲವೂ ಒಂದೇ ಸಹಿಯಲ್ಲಿ ನಿಂತಿರುವಾಗ ಹಿಡಿತ ತಪ್ಪಿದ ಭಾವನೆ ಸಹಜ. ಆಗ ದಿಕ್ಕು, ಸಂಖ್ಯೆ ನೋಡುವವರನ್ನು ಅಜ್ಞಾನಿಗಳೆಂದು ಹಳಿಯುವುದು ತಪ್ಪು; ಅವರ ಆತಂಕ ನಿಜವಾದದ್ದು.

ನೆಮ್ಮದಿ ಕೊಡುವ ನಂಬಿಕೆಯಿಂದ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ: ದಿಕ್ಕು ಸರಿಯೆಂದ ಕೂಡಲೇ ಮನಸ್ಸು ತೃಪ್ತಿಗೊಂಡು, ಕೇಳಲೇಬೇಕಾದ ಪ್ರಶ್ನೆಗಳು ಹಿಂದೆ ಬೀಳುತ್ತವೆ. ವಾಸ್ತು ನೋಡುವ ನಮ್ಮ ಖರೀದಿದಾರರಿಗೂ ಈ ಮಾತು ಅನ್ವಯ. ವಾಸ್ತು ತಜ್ಞರನ್ನು ಕರೆಸುವ ಮೊದಲು ಋಣಭಾರ ಪತ್ರ ತೆಗೆಸಿ, ಖಾತೆ ಪರಿಶೀಲಿಸಿ, ನಿವೇಶನ ರಾಜಕಾಲುವೆಯ ಮೇಲಿದೆಯೇ ಎಂದು ನಕ್ಷೆಯಲ್ಲಿ ನೋಡಿ.